ಮೊದಲು ಕಿರ್ದಿ, ಆಮೇಲೆ ಗುರಿ

'ಮಾಡಲೇಬೇಕು ಅಂದುಕೊಂಡು ಅರ್ಧಕ್ಕೆ ಬಿಟ್ಟ ಕೆಲಸ ಯಾವುದು?' ಎಂದು ಹೋದ ತಿಂಗಳು ಈ ಪುಟದಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಆರನ್ನು ಆರಿಸಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ ಇದೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಯಿತು. ಅದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ತುಂಬಾ ಜನ ಕೇಳಿದ್ದೀರಿ, ಅದಕ್ಕೆ.

ಮೇಡಂ, ನನಗೆ 34 ವರ್ಷ. ಪಿಯುಸಿ ಮುಗಿದ ತಕ್ಷಣ ಮದುವೆ ಆಯಿತು. ಈಗ ಒಂದು ಸಹಕಾರಿ ಸಂಘದಲ್ಲಿ ಕ್ಯಾಶ್ ಕೌಂಟರ್ ನೋಡಿಕೊಳ್ಳುತ್ತೇನೆ. ಇಬ್ಬರು ಮಕ್ಕಳು. ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿ ಎರಡು ವರ್ಷವಾಯಿತು. ಇನ್ನೂ ಮೊದಲ ವರ್ಷದ್ದೇ ಎರಡು ಪೇಪರ್ ಬಾಕಿ ಇವೆ. ಪ್ರತಿ ಸಲ ಹೊಸ ನೋಟ್‌ಬುಕ್ ತಂದು ಟೈಮ್‌ಟೇಬಲ್ ಬರೆಯುತ್ತೇನೆ. ಬೆಳಿಗ್ಗೆ 4ಕ್ಕೆ ಅಲಾರಾಂ ಇಟ್ಟು ಏಳುತ್ತೇನೆ. ಎಂಟು ಹತ್ತು ದಿನ ನಡೆಯುತ್ತದೆ. ಆಮೇಲೆ ಮಗುವಿಗೆ ಜ್ವರ, ಇಲ್ಲ ನೆಂಟರು, ಇಲ್ಲ ಹಬ್ಬ. ಅಲ್ಲಿಗೆ ನಿಂತೇ ಹೋಗುತ್ತದೆ. ನನ್ನಲ್ಲಿ ಛಲ ಇಲ್ವಾ?
— ದಾವಣಗೆರೆ

ತಂಗಿ, ಛಲ ಇಲ್ಲದವರು ಮೂರನೇ ಸಲ ನೋಟ್‌ಬುಕ್ ತರುವುದಿಲ್ಲ. ಆ ಮಾತನ್ನು ಅಲ್ಲೇ ಬಿಡಿ. ನಿಮ್ಮ ಪತ್ರದಲ್ಲಿ ನನಗೆ ಕಂಡಿದ್ದು ಲೆಕ್ಕದ ತಪ್ಪು. ಹೇಗೆ ಅಂತ ಹೇಳುತ್ತೇನೆ.

ನನ್ನ ತಂದೆ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ರಾತ್ರಿ ಅವರಿಗೆ ಊಟದ ಕ್ಯಾರಿಯರ್ ಕೊಟ್ಟು ಬರುವ ಕೆಲಸ ನನ್ನದು. ನಾನು ಹೋಗುವ ಹೊತ್ತಿಗೆ ಮಂಡಿಯ ಬಾಗಿಲು ಅರ್ಧ ಎಳೆದಿರುತ್ತಿತ್ತು. ಅಪ್ಪ ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕ ಬಿಚ್ಚಿಕೊಂಡು ಕಿರ್ದಿ, ಅಂದರೆ ಆ ದಿನದ ಜಮಾ ಖರ್ಚಿನ ಲೆಕ್ಕ, ಬರೆಯುತ್ತಿದ್ದರು. ಮೇಲೆ ಆರಂಭ ಶಿಲ್ಕು, ಅಂದರೆ ಕೈಯಲ್ಲಿ ಉಳಿದಿದ್ದ ಹಣ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಕೆಳಗೆ ಅಖೈರು ಶಿಲ್ಕು. ಹಮಾಲಿ, ಗಾಡಿ ಬಾಡಿಗೆ, ಸೂಜಿ ದಾರ, ಕಾಫಿ ತರಿಸಿದ್ದು, ದೇವರ ಪಟದ ಮುಂದಿನ ಊದುಬತ್ತಿ, ಎಲ್ಲವೂ ಅದರಲ್ಲಿ ಇರಬೇಕು. ಹತ್ತು ಪೈಸೆ ಹೊಂದದಿದ್ದರೂ ಊಟಕ್ಕೆ ಕೂರುತ್ತಿರಲಿಲ್ಲ. ನಾನು ಗೋಣಿಚೀಲದ ಮೇಲೆ ಕೂತು, ಆ ಕೊಬ್ಬರಿಯ ಘಾಟು ವಾಸನೆಯಲ್ಲಿ ಕಾಯುತ್ತಿದ್ದೆ. ಒಂದು ದಿನ ಕೇಳಿದೆ: 'ಅಪ್ಪ, ನಾಳೆ ಎಷ್ಟು ದುಡ್ಡು ಬರ್ಬೇಕು ಅಂತ ಯಾಕೆ ಬರೆಯಲ್ಲ?' ಅವರು ತಲೆ ಎತ್ತದೆ ಹೇಳಿದರು: 'ಆಗಿದ್ದನ್ನ ಬರೆಯೋದು ಕಿರ್ದಿ. ಆಗಬೇಕಾದ್ದನ್ನ ಸಾಹುಕಾರರು ಇದನ್ನ ನೋಡ್ಕೊಂಡು ಯೋಚನೆ ಮಾಡ್ತಾರೆ.'

ನೀವು ಕ್ಯಾಶ್ ಕೌಂಟರಿನಲ್ಲಿ ಕೂರುವವರು. ಡ್ರಾಯರಿನಲ್ಲಿ ಎಷ್ಟಿದೆ ಎಂದು ಎಣಿಸದೆ ಯಾರಿಗಾದರೂ ಹಣ ಕೊಡುತ್ತೀನಿ ಅಂತ ಒಪ್ಪಿಕೊಳ್ಳುತ್ತೀರಾ? ದಿನದ ವಿಷಯದಲ್ಲಿ ನೀವು ಅದನ್ನೇ ಮಾಡುತ್ತಿದ್ದೀರಿ. ಟೈಮ್‌ಟೇಬಲ್ ಅಂದರೆ ಆಗಬೇಕಾದ್ದು. ಆಗುತ್ತಿರುವುದು ಏನು ಎಂದು ನೀವು ಒಂದು ವಾರವೂ ಬರೆದು ನೋಡಿಲ್ಲ.

ನಾನೂ ನೋಡಿರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ನನಗೆ 38ನೇ ವಯಸ್ಸಿನಲ್ಲಿ ಕನ್ನಡ ಎಂ.ಎ. ಮಾಡುವ ಆಸೆ ಹುಟ್ಟಿತು. ಎರಡು ಸಲ ಕಟ್ಟಿ ಎರಡು ಸಲವೂ ಬಿಟ್ಟೆ. ನನ್ನದೂ ಬೆಳಿಗ್ಗೆ 4 ಗಂಟೆಯೇ. ಓದುವವರು ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು ಎಂದು ಚಿಕ್ಕಂದಿನಿಂದ ಕೇಳಿದ್ದೆವಲ್ಲ. ಮೂರನೇ ಸಲ ಶುರು ಮಾಡುವ ಮೊದಲು ಅಪ್ಪನ ಕಿರ್ದಿ ನೆನಪಾಯಿತು. ಒಂದು ವಾರ ಏನನ್ನೂ ಬದಲಾಯಿಸದೆ, ಸುಮ್ನೆ ನಡೆದಿದ್ದನ್ನು ಬರೆದೆ. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಮಂಗಳವಾರದ ಪುಟದಲ್ಲಿ ಹೀಗಿದೆ: '4.10ರಿಂದ 5.20, ಹಳಗನ್ನಡ ಪದ್ಯ, ಎಂಟು ಸಾಲು. ಎರಡು ಸಲ ತೂಕಡಿಕೆ.' ಅದೇ ಪುಟದ ಕೆಳಗಡೆ: '4.20 ಶಾಲೆ ಬೆಲ್. 5.10 ಬಸ್. ನಡುವೆ ಸ್ಟಾಫ್ ರೂಮ್, ಮಾತು.' ವಾರವಿಡೀ ಪುಟ ತಿರುಗಿಸಿದರೆ ಇದೇ. ಬೆಳಗಿನ 70 ನಿಮಿಷಕ್ಕೆ ಎಂಟು ಸಾಲು. ಸಂಜೆಯ 50 ನಿಮಿಷ ಬಸ್ಸಿಗೆ ಕಾಯುತ್ತಾ ಕರಗಿ ಹೋಗುತ್ತಿತ್ತು.

ಇನ್ನೊಂದು ವಿಷಯವೂ ಆ ಪುಟಗಳಲ್ಲೇ ಸಿಕ್ಕಿತು. ಗುರುವಾರ ಅದೇ ಪದ್ಯವನ್ನು ನಮ್ಮ ಶಾಲೆಯ ಕನ್ನಡ ಮೇಷ್ಟ್ರ ಜೊತೆ ಬಾಯಲ್ಲಿ ಬಿಡಿಸಿ ಹೇಳುತ್ತಾ ಕೂತಿದ್ದೆ. ಅರ್ಧ ಗಂಟೆಯಲ್ಲಿ ಇಪ್ಪತ್ತು ಸಾಲು ಆಗಿತ್ತು. ನಾನು ಕಣ್ಣಲ್ಲಿ ಓದಿ ಕಲಿಯುವವಳಲ್ಲ, ಬಾಯಲ್ಲಿ ಹೇಳಿ ಕಲಿಯುವವಳು ಎಂದು ನನಗೆ 41ನೇ ವಯಸ್ಸಿನಲ್ಲಿ ಗೊತ್ತಾಯಿತು. ಅಷ್ಟು ವರ್ಷ ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತಾ ಹೇಳುತ್ತಾ ನಾನೇ ಕಲಿತಿದ್ದೆ. ಆದರೂ ಹೊಳೆದಿರಲಿಲ್ಲ. ಅಲ್ಲಿಂದ ಮುಂದೆ ಬೆಳಿಗ್ಗೆ ಏಳುವುದನ್ನು ಬಿಟ್ಟೆ. ಸಂಜೆ ಬಸ್ಸು ಬರುವವರೆಗೆ ಖಾಲಿ ಕ್ಲಾಸ್‌ರೂಮಿನಲ್ಲಿ ಬೋರ್ಡಿನ ಮೇಲೆ ಪದ್ಯ ಬರೆದು, ಇಲ್ಲದ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಎರಡು ವರ್ಷದಲ್ಲಿ ಎಂ.ಎ. ಮುಗಿಯಿತು.

ಈಗ ನಿಮ್ಮ ಕೆಲಸ. ನಾಳೆಯಿಂದ ಏಳು ದಿನ ಕಿರ್ದಿ ಬರೆಯಿರಿ. ಓದಲು ಹೋಗಬೇಡಿ. ಎಷ್ಟು ಹೊತ್ತಿಗೆ ಎದ್ದಿರಿ, ತಿಂಡಿಗೆ ಎಷ್ಟು ಹೊತ್ತು, ಮಕ್ಕಳನ್ನು ಹೊರಡಿಸಲು ಎಷ್ಟು, ಕೌಂಟರಿನಲ್ಲಿ ಜನ ಕಡಿಮೆ ಇರುವುದು ಯಾವಾಗ, ಮೊಬೈಲು ಕೈಯಲ್ಲಿ ಎಷ್ಟು ಹೊತ್ತು. ಪ್ರತಿ ಸಾಲಿನ ಪಕ್ಕ ಒಂದು ಗುರುತು ಹಾಕಿ. ತಲೆ ಚುರುಕಾಗಿದ್ದರೆ ಅಧಿಕ ಚಿಹ್ನೆ, ಸೋತಿದ್ದರೆ ಕಳೆಯುವ ಚಿಹ್ನೆ. ಯಾರಿಗೂ ತೋರಿಸುವುದು ಬೇಡ. ಸುಳ್ಳು ಬರೆಯಬೇಡಿ. ಸುಳ್ಳು ಕಿರ್ದಿಗೆ ಶಿಲ್ಕು ಹೊಂದುವುದಿಲ್ಲ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಎಂಟನೇ ದಿನ ಅಧಿಕ ಚಿಹ್ನೆ ಇರುವ ಜಾಗಗಳನ್ನು ನೋಡಿ. 40 ನಿಮಿಷ ಒಟ್ಟಿಗೆ ಸಿಗುವ ಜಾಗ ವಾರಕ್ಕೆ ನಾಲ್ಕು ಸಿಕ್ಕಿತು ಅಂತಿಟ್ಟುಕೊಳ್ಳಿ. ಲೆಕ್ಕಕ್ಕೆ ಮೂರನ್ನೇ ಹಿಡಿಯಿರಿ. ಯಾಕೆ ಅಂದರೆ ಜ್ವರ, ನೆಂಟರು, ಹಬ್ಬ ಇವು ನಿಮ್ಮ ದಾರಿಗೆ ಆಕಸ್ಮಿಕವಾಗಿ ಬಂದವಲ್ಲ. ಪ್ರತಿ ತಿಂಗಳೂ ಬರುವ ಖರ್ಚು ಅವು. ಕೆನಡಾದಲ್ಲಿ ಮನಶ್ಶಾಸ್ತ್ರದವರು ಇದನ್ನು ಪರೀಕ್ಷೆ ಮಾಡಿ 1994ರಲ್ಲಿ ಪ್ರಕಟಿಸಿದ್ದಾರೆ. ಪ್ರಬಂಧ ಬರೆಯುತ್ತಿದ್ದ ಡಿಗ್ರಿ ವಿದ್ಯಾರ್ಥಿಗಳನ್ನು 'ಎಷ್ಟು ದಿನದಲ್ಲಿ ಮುಗಿಸುತ್ತೀರಿ?' ಎಂದು ಕೇಳಿದರು. ಸರಾಸರಿ 34 ದಿನ ಅಂದರು. 'ಎಲ್ಲಾ ಕೆಟ್ಟದ್ದೇ ಆದರೆ?' ಎಂದು ಕೇಳಿದ್ದಕ್ಕೆ ಸುಮಾರು 49 ದಿನ ಅಂದರು. ನಿಜವಾಗಿ ಹಿಡಿದಿದ್ದು 55 ದಿನಕ್ಕೂ ಸ್ವಲ್ಪ ಜಾಸ್ತಿ. ಮನುಷ್ಯರು ಮುಂದಿನ ದಿನವನ್ನು ಎಣಿಸುವಾಗ ಹಿಂದಿನ ದಿನಗಳನ್ನು ಮರೆಯುತ್ತಾರೆ. ನಿಮಗೊಬ್ಬರಿಗೇ ಹೀಗಾಗುತ್ತಿದೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಇನ್ನು ಗುಣಾಕಾರ. ಪರೀಕ್ಷೆಗೆ 16 ವಾರ ಇದೆ ಎನ್ನೋಣ. ವಾರಕ್ಕೆ ಮೂರು ಸಲದಂತೆ 48 ಸಲ ಕೂರುತ್ತೀರಿ. ಒಂದು ಸಲಕ್ಕೆ ಎಷ್ಟು ಪುಟ ಆಗುತ್ತದೆ ಎಂದು ಮೊದಲೇ ಓದಿ ನೋಡಿ. ಎಂಟು ಪುಟ ಎಂದರೆ ಒಟ್ಟು 384 ಪುಟ. ಒಂದೊಂದು ಪೇಪರಿನ ಪಠ್ಯ 250 ಪುಟವಿದ್ದರೆ ಎರಡಕ್ಕೆ 500. ಮುಟ್ಟುವುದಿಲ್ಲ, ಅಲ್ವಾ? ಒಂದೇ ಪೇಪರ್ ಆದರೆ ಒಂದು ಸಲ ಪೂರ್ತಿ ಓದಿ, ಕಷ್ಟ ಅನಿಸಿದ ಅರ್ಧವನ್ನು ಇನ್ನೊಂದು ಸಲ ಓದಲೂ ಪುಟ ಉಳಿಯುತ್ತದೆ. ಹಾಗಾದರೆ ಈ ಸಲ ಒಂದೇ ಪೇಪರ್ ಕಟ್ಟಿ. ನಿಮ್ಮ ಪುಟದ ಲೆಕ್ಕ ಬೇರೆ ಬರಬಹುದು. ಬಂದಷ್ಟಕ್ಕೆ ತಕ್ಕ ಹಾಗೆ ಇಳಿಸಿ, ಏರಿಸಿ. ಒಂದು ಪೇಪರ್ ಪಾಸಾಗಿ ಫಲಿತಾಂಶದ ಹಾಳೆ ಕೈಗೆ ಬಂದಾಗ ಮನೆಯಲ್ಲಿ ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ. ನಾನು ಕಂಡಿದ್ದೇನೆ.

ಮೇಡಂ, ನನಗೆ 27. ಊರು ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ನಾಲ್ಕು ವರ್ಷವಾಯಿತು. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ, ಯಾವ ನೋಟಿಫಿಕೇಶನ್ ಬಂದರೂ ಅರ್ಜಿ ಹಾಕುತ್ತೇನೆ. ರೀಡಿಂಗ್ ರೂಮಿನಲ್ಲಿ ದಿನಕ್ಕೆ 12 ತಾಸು ಕೂರುತ್ತೇನೆ. ಇನ್ನೂ ಯಾವುದೂ ಆಗಿಲ್ಲ. 14 ತಾಸು ಕೂರುವ ಹಾಗೆ ಒಂದು ಟೈಮ್‌ಟೇಬಲ್ ಹಾಕಿಕೊಡುತ್ತೀರಾ? ಅಪ್ಪ ಇನ್ನೂ ದುಡ್ಡು ಕಳಿಸುತ್ತಿದ್ದಾರೆ. ಅವರ ಫೋನ್ ಬಂದರೆ ಎತ್ತಲು ಹಿಂಜರಿಕೆಯಾಗುತ್ತದೆ.
— ಧಾರವಾಡ

ತಮ್ಮಾ, 14 ತಾಸಿನ ಟೈಮ್‌ಟೇಬಲ್ ಹಾಕಿಕೊಡಲು ನನಗೆ ಮನಸ್ಸಿಲ್ಲ. ನಿಮ್ಮ ಕೊನೆಯ ಸಾಲು ಓದಿ ಸಂಕಟವಾಯಿತು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಕೂರುವುದನ್ನೂ ಓದುವುದನ್ನೂ ಬೇರೆ ಮಾಡಿ. ಮೂರು ದಿನ ಸಾಕು. ಮುಂದೆ ಒಂದು ಹಾಳೆ ಇಟ್ಟುಕೊಂಡು, ಕುರ್ಚಿಯಿಂದ ಎದ್ದಾಗಲೆಲ್ಲ, ಮೊಬೈಲು ತೆಗೆದಾಗಲೆಲ್ಲ ಹೊತ್ತು ಬರೆದು ಗೀಟು ಎಳೆಯಿರಿ. 12 ತಾಸಿನಲ್ಲಿ ಓದಿದ್ದು ಎಷ್ಟು ಎಂದು ನಿಮಗೇ ತಿಳಿಯುತ್ತದೆ. ಅದು ಐದು ತಾಸು ಎಂದು ಬಂದರೆ ಬೇಸರ ಬೇಡ. ಐದು ತಾಸು ನಿಜವಾದ ಓದು ಕಡಿಮೆ ಏನಲ್ಲ. ಉಳಿದ ಏಳು ತಾಸು ಆ ಬೆಂಚಿನ ಮೇಲೆ ಯಾಕೆ ಕೂತಿದ್ದೀರಿ ಎನ್ನುವುದು ಪ್ರಶ್ನೆ. ಎದ್ದರೆ ಪಕ್ಕದವನು ಮುಂದೆ ಹೋಗಿಬಿಡುತ್ತಾನೆ ಎನ್ನುವ ಭಯಕ್ಕಾ?

ಎರಡನೆಯದು, ಈ ನಾಲ್ಕರಲ್ಲಿ ನಿಮಗೆ ಬೇಕಾದ್ದು ಯಾವುದು? 'ಯಾವುದಾದರೂ ಸರಿ' ಎನ್ನುವುದು ಗುರಿಯಲ್ಲ, ದಣಿವು. ಪಿಎಸ್‌ಐಗೆ ಮೈದಾನದಲ್ಲಿ ಓಡಬೇಕು. ಕೆಎಎಸ್ ಪೂರ್ವಭಾವಿಯಲ್ಲಿ ಸರಿ ಉತ್ತರ ಗುರುತಿಸಿದರೆ ಸಾಕು. ಮುಖ್ಯ ಪರೀಕ್ಷೆಯಲ್ಲಿ ಕೂತು ಬರೆಯಬೇಕು. ಈ ನಾಲ್ಕು ವರ್ಷದಲ್ಲಿ, ಗಡಿಯಾರ ಮುಂದಿಟ್ಟುಕೊಂಡು, ಕೈಯಾರೆ ಎಷ್ಟು ಪೂರ್ಣ ಉತ್ತರ ಬರೆದಿದ್ದೀರಿ? ಎಣಿಸಿ ನೋಡಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬಳು ಪಿಡಿಒ ಆಗಿದ್ದಾಳೆ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಿಲ್ಲ ಎಂದು ಫೋನು, ಮಧ್ಯಾಹ್ನ ಖಾತೆಗಾಗಿ ಕ್ಯೂ, ಸಂಜೆ ಗ್ರಾಮಸಭೆಯಲ್ಲಿ ಜಗಳ. ಅವಳಿಗೆ ಅದು ಇಷ್ಟ. ಜನರ ನಡುವೆ ಇಲ್ಲದಿದ್ದರೆ ಅವಳಿಗೆ ಉಸಿರು ಕಟ್ಟುತ್ತದೆ. ನಿಮಗೆ ಹೇಗೆ? ಒಂದು ವಾರ ಊರಿಗೆ ಹೋಗಿ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಒಂದು ದಿನ, ತಾಲ್ಲೂಕು ಕಚೇರಿಯಲ್ಲಿ ಒಂದು ದಿನ ಬೆಂಚಿನ ಮೇಲೆ ಕೂತು ಅವರ ಕೆಲಸ ನೋಡಿ. ಯಾವ ಕುರ್ಚಿಯಲ್ಲಿ ನೀವು ಮೂವತ್ತು ವರ್ಷ ಕೂರಬಲ್ಲಿರಿ ಎನ್ನುವುದು ರೀಡಿಂಗ್ ರೂಮಿನಲ್ಲಿ ತಿಳಿಯುವುದಿಲ್ಲ.

ಆಮೇಲೆ ಹಿಂದಿನ ಎರಡು ಪರೀಕ್ಷೆಯ ಪ್ರಶ್ನೆಪತ್ರಿಕೆ ತೆಗೆದು ತಪ್ಪಾದ ಪ್ರಶ್ನೆಗಳನ್ನು ಮೂರು ಗುಂಪು ಮಾಡಿ: ಗೊತ್ತೇ ಇರಲಿಲ್ಲ, ಓದಿದ್ದೆ ಆದರೆ ಮರೆತೆ, ಅವಸರದಲ್ಲಿ ತಪ್ಪು ಗುರುತಿಸಿದೆ. ಮೊದಲನೆಯದಕ್ಕೆ ಹೊಸ ಓದು ಬೇಕು. ಎರಡನೆಯದಕ್ಕೆ ಪುನರಾವರ್ತನೆ ಬೇಕು. ಮೂರನೆಯದಕ್ಕೆ ಹೊತ್ತು ಹಿಡಿದು ಅಭ್ಯಾಸ ಬೇಕು. ಗಣಿತದಲ್ಲಿ ನಾನು ಮಕ್ಕಳ ಉತ್ತರಪತ್ರಿಕೆಗಳನ್ನು ಹೀಗೇ ನೋಡುತ್ತಿದ್ದೆ. ಎಷ್ಟೋ ಮಕ್ಕಳು ಮೂರನೇ ಗುಂಪಿನ ತಪ್ಪಿಗೆ ಮೊದಲನೇ ಗುಂಪಿನ ಔಷಧ ತೆಗೆದುಕೊಳ್ಳುತ್ತಿದ್ದರು. ಇನ್ನೊಂದು ಗೈಡ್ ಕೊಳ್ಳುತ್ತಿದ್ದರು.

ಈಗ ಅಪ್ಪನ ಫೋನು. ಎತ್ತಿ. ಒಂದು ತಾರೀಖು ಗೊತ್ತು ಮಾಡಿಕೊಂಡು ಎತ್ತಿ. 'ಅಪ್ಪ, ಇಂಥ ಪರೀಕ್ಷೆಗೆ ಮಾತ್ರ ಓದುತ್ತಿದ್ದೇನೆ. ಇಂಥ ತಿಂಗಳವರೆಗೆ ನೋಡುತ್ತೇನೆ. ಆಗದಿದ್ದರೆ ಇಂಥ ಕೆಲಸಕ್ಕೆ ಸೇರುತ್ತೇನೆ.' ಈ ಮೂರು ಮಾತು ಅವರಿಗೆ ಬೇಕು. ನಾಲ್ಕು ವರ್ಷದಿಂದ ಅವರು ಕಾಯುತ್ತಿರುವುದು ಈ ಮಾತಿಗೇ ಇರಬಹುದು. ಹೊಲದಲ್ಲಿ ಕೆಲಸ ಮಾಡುವವರಿಗೆ ಬೆಳೆ ಹೋಗುವುದು ಹೊಸದಲ್ಲ. ಬಿತ್ತಿದ್ದು ಯಾವ ಬೀಜ ಅಂತಲೇ ಗೊತ್ತಿಲ್ಲದಿದ್ದರೆ ಅವರಿಗೆ ಕಷ್ಟ.

ನಾನು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ, 29 ವರ್ಷ. ಜನವರಿ 1ಕ್ಕೆ ಮೊಬೈಲ್ ಆ್ಯಪ್‌ನಲ್ಲಿ 11 ಗುರಿ ಹಾಕಿಕೊಂಡೆ: ಜಿಮ್, ಧ್ಯಾನ, ವಾರಕ್ಕೊಂದು ಪುಸ್ತಕ, ಸಕ್ಕರೆ ಬಿಡುವುದು, ವೀಣೆ, ಹೀಗೆ. ಏಪ್ರಿಲ್ ಹೊತ್ತಿಗೆ ಒಂದೂ ಉಳಿಯಲಿಲ್ಲ. ಆ್ಯಪ್ ತೆರೆದರೆ ಬರೀ ಕೆಂಪು. ಎಲ್ಲಿ ತಪ್ಪಿದೆ?
— ಮೈಸೂರು

ಹನ್ನೊಂದರಲ್ಲಿ ತಪ್ಪಿದ್ದು. ನಿಮಗಿಂತ ಸುಮಾರು ಮುನ್ನೂರು ವರ್ಷ ಮೊದಲು ಒಬ್ಬರು ರೂಢಿಸಿಕೊಳ್ಳಬೇಕಾದ 13 ಗುಣ ಬರೆದುಕೊಂಡಿದ್ದರು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ತಮ್ಮ ಆತ್ಮಕಥೆಯಲ್ಲಿ ಅದನ್ನು ವಿವರವಾಗಿ ಹೇಳಿದ್ದಾರೆ. ಒಂದು ಪುಟ್ಟ ಪುಸ್ತಕ, ಒಂದೊಂದು ಗುಣಕ್ಕೆ ಒಂದೊಂದು ಪುಟ, ವಾರದ ಏಳು ದಿನಕ್ಕೆ ಏಳು ಕಾಲಂ, ತಪ್ಪಿದ ದಿನ ಒಂದು ಕಪ್ಪು ಚುಕ್ಕೆ. ನಿಮ್ಮ ಆ್ಯಪ್ ಥರವೇ, ಅಲ್ವಾ? ಆದರೆ ಅವರು ಹದಿಮೂರಕ್ಕೂ ಒಟ್ಟಿಗೆ ಕೈ ಹಾಕಲಿಲ್ಲ. ಒಂದು ವಾರಕ್ಕೆ ಒಂದೇ ಗುಣದ ಮೇಲೆ ಗಮನ. ಹೊಲದ ಕಳೆಯನ್ನೆಲ್ಲ ಒಂದೇ ಸಲ ಕೀಳಲು ಹೋಗದೆ, ಒಂದು ಪಾತಿ ಮುಗಿಸಿ ಇನ್ನೊಂದು ಪಾತಿಗೆ ಹೋಗುವ ಹಾಗೆ ಎಂದು ಅವರೇ ಹೇಳಿದ್ದಾರೆ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಮಾತು. ಆ ಹದಿಮೂರರಲ್ಲಿ ಅವರನ್ನು ಜಾಸ್ತಿ ಕಾಡಿದ್ದು 'ಅಚ್ಚುಕಟ್ಟು'. ಪ್ರತಿ ವಸ್ತುವಿಗೂ ಒಂದು ಜಾಗ, ಪ್ರತಿ ಕೆಲಸಕ್ಕೂ ಒಂದು ಹೊತ್ತು. ಅದು ತಮಗೆ ಪೂರ್ತಿ ಕೈಗೂಡಲೇ ಇಲ್ಲ ಎಂದು ವಯಸ್ಸಾದ ಮೇಲೆ ಒಪ್ಪಿಕೊಂಡರು. ಜೊತೆಗೆ, ಪ್ರಯತ್ನ ಪಡದೇ ಇದ್ದಿದ್ದರೆ ಆಗುತ್ತಿದ್ದುದಕ್ಕಿಂತ ಒಳ್ಳೆಯವನೂ ನೆಮ್ಮದಿಯವನೂ ಆದೆ ಎಂದೂ ಬರೆದರು. ನಿಮ್ಮ ಕೆಂಪು ಗುರುತುಗಳನ್ನು ಹಾಗೆ ನೋಡಲು ಸಾಧ್ಯವಾ?

ಹನ್ನೊಂದನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಒಂದೊಂದರ ಮುಂದೆ 'ಇದು ಯಾರು ಹೇಳಿದ್ದು?' ಎಂದು ಕೇಳಿಕೊಂಡು ಉತ್ತರ ಬರೆಯಿರಿ. ಆಫೀಸಿನವರು, ವಿಡಿಯೊದವರು, ಅಮ್ಮ, ನಾನು. 'ನಾನು' ಎಂದು ಬಂದಿದ್ದನ್ನು ಮಾತ್ರ ಇಟ್ಟುಕೊಳ್ಳಿ. ಪತ್ರದಲ್ಲಿ ವೀಣೆಯ ಬಗ್ಗೆ ಮಾತ್ರ ನೀವು ಇನ್ನೂ ಎರಡು ಸಾಲು ಬರೆದಿದ್ದೀರಿ. ಅಜ್ಜಿಯ ವೀಣೆ ಮಂಚದ ಕೆಳಗಿದೆ, ತಂತಿ ಕಟ್ಟಿಸಿಲ್ಲ ಎಂದು. ಆ ಸಾಲುಗಳನ್ನು ಬರೆಯುವಾಗ ನಿಮ್ಮ ಕೈ ತಾನಾಗಿ ಓಡಿದೆ. ಈ ಶನಿವಾರ ಹೋಗಿ ತಂತಿ ಕಟ್ಟಿಸಿ. ಉಳಿದ ಹತ್ತು ಮುಂದಿನ ಮೂರು ತಿಂಗಳು ಹಾಳೆಯಲ್ಲೇ ಇರಲಿ.

ಮಿಸ್, ನಾನು ಸೆಕೆಂಡ್ ಪಿಯುಸಿ. 21 ದಿನ ಬಿಡದೆ ಮಾಡಿದರೆ ಯಾವುದೇ ಅಭ್ಯಾಸ ತಾನಾಗಿಯೇ ಆಗುತ್ತದೆ ಅಂತಾರೆ. ನಾನು ಸಂಜೆ ಫಿಸಿಕ್ಸ್ ಲೆಕ್ಕ ಮಾಡಲು ಶುರು ಮಾಡಿದೆ. 19ನೇ ದಿನ ಅಕ್ಕನ ಮದುವೆಯ ನಿಶ್ಚಿತಾರ್ಥ ಇತ್ತು, ತಪ್ಪಿಹೋಯಿತು. ಮತ್ತೆ ಒಂದರಿಂದ ಎಣಿಸಬೇಕಾ?
— ಶಿರಸಿ

ಬೇಡ ಮಗೂ. ನಾಳೆ 20 ಎಂದೇ ಎಣಿಸು.

ಆ 21ರ ಮಾತು ಎಲ್ಲಿಂದ ಬಂತು ಗೊತ್ತಾ? 1960ರಲ್ಲಿ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜರಿ ಡಾಕ್ಟರು, ಆಪರೇಷನ್ ಆದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಎಂದು ಬರೆದರು. 'ಕಡಿಮೆ ಅಂದರೂ' ಎನ್ನುವುದು ಬಾಯಿಂದ ಬಾಯಿಗೆ ಹೋಗುತ್ತಾ ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು 12 ವಾರ ಹಿಂಬಾಲಿಸಿ ನೋಡಿದರು. ಊಟದ ಜೊತೆ ಹಣ್ಣು ತಿನ್ನುವುದು, ಊಟಕ್ಕೆ ಮೊದಲು ಓಡುವುದು, ಇಂಥ ಕೆಲಸಗಳು. ತಾನಾಗಿ ಆಗುವ ಮಟ್ಟಕ್ಕೆ ಬರಲು ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕಾಗುತ್ತದೆ ಎಂದು ಲೆಕ್ಕ ಬಂತು. ನಡುವಿನ ಸಂಖ್ಯೆ 66. ಸುಲಭದ ಕೆಲಸ ಬೇಗ, ಕಷ್ಟದ ಕೆಲಸ ತಡ. ಮಧ್ಯೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲ ಎಂದೂ ಕಂಡುಬಂತು. ಫಿಸಿಕ್ಸ್ ಲೆಕ್ಕ ಹಣ್ಣು ತಿಂದಷ್ಟು ಸುಲಭ ಅಲ್ಲವಲ್ಲ. ಆದ್ದರಿಂದ ನಿನಗೆ ಜಾಸ್ತಿ ದಿನ ಬೇಕು. ಅಕ್ಕನ ಮದುವೆಯ ವಾರದಲ್ಲಿ ದಿನಕ್ಕೆ ಒಂದೇ ಲೆಕ್ಕ ಇಟ್ಟುಕೋ. ಮನೆಯಲ್ಲಿ ಎಲ್ಲರೂ ಓಡಾಡುತ್ತಿರುವಾಗ ಪುಸ್ತಕ ಹಿಡಿದು ಮೂಲೆಯಲ್ಲಿ ಕೂರಬೇಡ. ಅಕ್ಕನ ಮದುವೆ ಒಂದೇ ಸಲ.

ನಾನು ಸಾರಿಗೆ ಬಸ್ಸಿನ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಸಕ್ಕರೆ ಕಾಯಿಲೆ ಇದೆ. ದಿನಾ ಅರ್ಧ ಗಂಟೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಡ್ಯೂಟಿಯಲ್ಲಿದ್ದಾಗ ಒಂದು ನಿಮಿಷ ಪುರುಸೊತ್ತು ಇರಲಿಲ್ಲ, ಎಲ್ಲ ಕೆಲಸ ಆಗುತ್ತಿತ್ತು. ಈಗ ಇಡೀ ದಿನ ಪುರುಸೊತ್ತು, ಒಂದು ಕೆಲಸವೂ ಆಗುವುದಿಲ್ಲ. ಆಮೇಲೆ ಹೋದರಾಯಿತು ಎನ್ನುತ್ತಲೇ ರಾತ್ರಿಯಾಗುತ್ತದೆ.
— ಹಾಸನ

ಸರ್, ನಿಮಗೆ ಒಂದು ಕಾಲದಲ್ಲಿ ಸ್ಟೇಜ್ ಇತ್ತು, ಟಿಕೆಟ್ ದರ ಬದಲಾಗುವ ಊರು. ಈ ಸ್ಟೇಜ್ ಬಂದರೆ ವೇಬಿಲ್, ಅಂದರೆ ಟಿಕೆಟ್ ಲೆಕ್ಕದ ಹಾಳೆ, ಬರೆಯಬೇಕು ಎಂದರೆ ಬರೆಯಲೇಬೇಕು. ಬರೆಯಲಾ ಬೇಡವಾ ಎಂದು ಯೋಚನೆ ಮಾಡುವ ಹಾಗೇ ಇರಲಿಲ್ಲ. ಈಗ ನಿಮ್ಮ ದಿನದಲ್ಲಿ ಸ್ಟೇಜ್ ಇಲ್ಲ. 'ಆಮೇಲೆ' ಎನ್ನುವ ಊರು ಯಾವ ರೂಟಿನಲ್ಲೂ ಬರುವುದಿಲ್ಲ.

ಗೋಲ್‌ವಿಟ್ಸರ್ ಎಂಬ ಜರ್ಮನಿಯ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಕೆಲಸ ಮಾಡಿ ತೋರಿಸಿದ್ದು ಇದನ್ನೇ. 'ನಡೆಯುತ್ತೇನೆ' ಎಂದು ಅಂದುಕೊಳ್ಳುವವರಿಗಿಂತ 'ಇಂಥದ್ದು ಆದ ಕೂಡಲೇ ಇಂಥ ಕಡೆ ನಡೆಯುತ್ತೇನೆ' ಎಂದು ಗೊತ್ತು ಮಾಡಿಕೊಂಡವರು ಹೆಚ್ಚಾಗಿ ಮಾಡಿ ಮುಗಿಸುತ್ತಾರೆ. ನೀವೂ ಗಡಿಯಾರಕ್ಕೆ ಕಟ್ಟಬೇಡಿ, ಕಾಫಿಗೆ ಕಟ್ಟಿ. ಬೆಳಗಿನ ಕಾಫಿ ಕುಡಿದು ಲೋಟ ಸಿಂಕಿನಲ್ಲಿ ಇಟ್ಟ ಕೈ ಸೀದಾ ಚಪ್ಪಲಿಗೆ ಹೋಗಬೇಕು. ಪೇಪರನ್ನು ನಡೆದು ಬಂದ ಮೇಲೆ ಓದಿ. ಕಾಫಿಗೆ ಮೊದಲೇ ಅಂಗಿ ಪ್ಯಾಂಟು ಹಾಕಿಕೊಂಡಿದ್ದರೆ ಇನ್ನೂ ಒಳ್ಳೆಯದು. ಲುಂಗಿಯಲ್ಲಿದ್ದರೆ ಬಟ್ಟೆ ಬದಲಾಯಿಸುವುದೇ ಒಂದು ನೆಪ ಆಗುತ್ತದೆ. ಮಾತ್ರೆ ಮತ್ತು ತಿಂಡಿಯ ಹೊತ್ತನ್ನು ಮಾತ್ರ ಡಾಕ್ಟರನ್ನು ಕೇಳಿ ಹೊಂದಿಸಿಕೊಳ್ಳಿ. ನಡೆದು ಬಂದ ದಿನ ಕ್ಯಾಲೆಂಡರಿನ ಆ ತಾರೀಖಿನ ಮನೆಯಲ್ಲಿ ಹೊತ್ತು ಬರೆಯಿರಿ, ಎಷ್ಟಕ್ಕೆ ಹೊರಟಿರಿ, ಎಷ್ಟಕ್ಕೆ ಬಂದಿರಿ. ನಿಮಗೆ ಅದು ಹೊಸದಲ್ಲ.

ಅಕ್ಕ, ನೀವು ಹಿಂದೆ ಒಮ್ಮೆ ಬರೆದಿದ್ದನ್ನು ಓದಿ ಮೂರು ತಿಂಗಳಿಂದ ದಿನದ ಕಿರ್ದಿ ಬರೆಯುತ್ತಿದ್ದೇನೆ. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ವರ್ಷದೊಳಗೆ ಸ್ವಂತ ಅಂಗಡಿ ಇಡಬೇಕು ಎನ್ನುವುದು ಆಸೆ. ರಾತ್ರಿ ಮಲಗುವಾಗ ಪುಸ್ತಕ ತೆಗೆದು ಎಷ್ಟು ಮುಂದೆ ಬಂದೆ ಎಂದು ನೋಡುತ್ತೇನೆ. ಏನೂ ಬದಲಾದ ಹಾಗೆ ಕಾಣುವುದಿಲ್ಲ. ನಾನು ಬರೆಯುತ್ತಿರುವ ರೀತಿಯೇ ತಪ್ಪಾ?
— ಅರಸೀಕೆರೆ

ಬರೆಯುತ್ತಿರುವುದು ಸರಿಯಾಗಿದೆ. ದಿನಾ ನೋಡುತ್ತಿರುವುದು ತಪ್ಪು.

ನಿಮ್ಮದೂ ತೆಂಗಿನ ಸೀಮೆ, ಆದ್ದರಿಂದ ಈ ಮಾತು ನಿಮಗೆ ಬೇಗ ಅರ್ಥವಾಗುತ್ತದೆ. ಉಂಡೆ ಕೊಬ್ಬರಿಗೆ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಏರಿಸುತ್ತೇವೆ. ಹತ್ತು ಹನ್ನೊಂದು ತಿಂಗಳು ಅಲ್ಲೇ. ನಾನು ಸಣ್ಣವಳಿದ್ದಾಗ ವಾರಕ್ಕೆ ಎರಡು ಸಲ ಏಣಿ ಹತ್ತಿ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದೆ. ಒಳಗೆ ನೀರಿನ ಸದ್ದು. ಮರುದಿನವೂ ನೀರಿನ ಸದ್ದು. ಅಜ್ಜಿ ಕೆಳಗಿನಿಂದ 'ನೀನು ಅಲ್ಲಾಡಿಸಿದ್ರೆ ಬೇಗ ಒಣಗುತ್ತಾ? ಇಳಿ' ಎನ್ನುತ್ತಿದ್ದರು. ಅವರು ಹತ್ತುತ್ತಿದ್ದುದು ತಿಂಗಳಿಗೊಮ್ಮೆ. ಮೂಲೆಯಿಂದ ಒಂದು, ನಡುವಿನಿಂದ ಒಂದು, ಗೋಡೆ ಪಕ್ಕದ್ದು ಒಂದು. ಮೂರನ್ನು ಅಲ್ಲಾಡಿಸಿ ಇಳಿಯುತ್ತಿದ್ದರು. ಒಂದು ದಿನ ನೀರೆಲ್ಲ ಆರಿ, ಗಿಟುಕು ಚಿಪ್ಪು ಬಿಟ್ಟು, ಒಳಗೆ ಲೊಡಲೊಡ ಎನ್ನುತ್ತಿತ್ತು. ಆಗ ಸುಲಿಯುವವರಿಗೆ ಹೇಳಿ ಕಳಿಸುತ್ತಿದ್ದರು.

ಹಾಗಾಗಿ ರಾತ್ರಿ ಬರೆದು ಪುಸ್ತಕ ಮುಚ್ಚಿಬಿಡಿ. ಭಾನುವಾರ ಮಧ್ಯಾಹ್ನ ಏಳು ಪುಟ ಒಟ್ಟಿಗೆ ನೋಡಿ. ಆಗಲೂ ಒಂದೇ ಪ್ರಶ್ನೆ: ಮುಂದಿನ ವಾರ ಯಾವ ಒಂದು ಕೆಲಸವನ್ನು ಬೇರೆ ಹೊತ್ತಿಗೆ ಹಾಕಲಿ? ತಿಂಗಳ ಕೊನೆಗೆ ಮೂರು ಸಂಖ್ಯೆ ಬರೆದುಕೊಳ್ಳಿ. ಎಷ್ಟು ಬ್ಲೌಸ್ ಹೊಲಿದಿರಿ, ಒಂದಕ್ಕೆ ಎಷ್ಟು ಹೊತ್ತು ಹಿಡಿಯಿತು, ಹೇಳಿದ ದಿನಕ್ಕೆ ಕೊಟ್ಟಿದ್ದು ಎಷ್ಟು. ಅಂಗಡಿಯ ಬಾಡಿಗೆ ಕಟ್ಟಲು ತಿಂಗಳಿಗೆ ಎಷ್ಟು ಬ್ಲೌಸ್ ಬೇಕು ಎನ್ನುವುದು ಈ ಮೂರರಿಂದಲೇ ಗೊತ್ತಾಗುತ್ತದೆ. ಹೇಳಿದ ದಿನಕ್ಕೆ ಕೊಟ್ಟ ಲೆಕ್ಕವನ್ನಂತೂ ಬಿಡಬೇಡಿ. ನಮ್ಮ ಊರುಗಳಲ್ಲಿ ದರ್ಜಿಯ ಅಂಗಡಿ ನಡೆಯುವುದು ಅದರ ಮೇಲೆ.

ಮೂರು ತಿಂಗಳ ಪುಸ್ತಕ ನಿಮ್ಮ ಹತ್ತಿರ ಇದೆ. ಮೊದಲನೇ ವಾರದ ಒಂದು ಪುಟ, ಹೋದ ವಾರದ ಒಂದು ಪುಟ, ಎರಡನ್ನೂ ಪಕ್ಕ ಪಕ್ಕ ಇಟ್ಟು ಫೋಟೊ ತೆಗೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ನಾನೂ ಕೂತು ನೋಡುತ್ತೇನೆ.